ಹಳೇ ಲ್ಯಾಪ್‌ಟಾಪ್‌ನಲ್ಲಿ ಓಎಸ್ ಇನ್‌ಸ್ಟಾಲ್ ಆಗ್ತಿಲ್ವಾ? ಎಲ್ಲಿ ನಿಂತಿತು ಅಂತ ಮೊದಲು ನೋಡಿ

ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್) ಇನ್‌ಸ್ಟಾಲ್ ಅರ್ಧಕ್ಕೆ ನಿಂತ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ. ಆಫ್ ಮಾಡಿ ಆನ್ ಮಾಡಿ, ಅದೇ ಪೆನ್‌ಡ್ರೈವ್‌ನಿಂದ ಮತ್ತೆ ಶುರು. ದಯವಿಟ್ಟು ಹಾಗೆ ಮಾಡಬೇಡಿ. ಪರದೆ ಮೇಲೆ ಬಂದ ಸಂದೇಶವನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಪೆನ್‌ಡ್ರೈವ್‌ನಿಂದ ಬೂಟೇ ಆಗಲಿಲ್ಲವಾ (ಯಂತ್ರ ಶುರುವಾಗಲೇ ಇಲ್ಲವಾ), ಬೂಟ್ ಆಗಿ ಪರದೆ ಕಪ್ಪಾಯಿತಾ, ಫೈಲ್ ಕಾಪಿ ಆಗುವಾಗ ನಿಂತಿತಾ, ಇಲ್ಲಾ ಎಲ್ಲ ಮುಗಿದು ಕೊನೆಗೆ ಬೂಟ್‌ಲೋಡರ್ (ಓಎಸ್ ಶುರು ಮಾಡಿಸುವ ಪುಟ್ಟ ಪ್ರೋಗ್ರಾಂ) ಹತ್ತಿರ ಕೈಕೊಟ್ಟಿತಾ? ಇವು ನಾಲ್ಕೂ ಬೇರೆ ಬೇರೆ ರೋಗ, ಮದ್ದೂ ಬೇರೆ.

ಡಿಸ್ಕ್‌ನಲ್ಲಿ ನಿಮ್ಮ ಫೋಟೋ, ಕಾಗದಪತ್ರ ಏನಾದರೂ ಇನ್ನೂ ಉಳಿದಿದ್ದರೆ ಈಗಲೇ ಹೊರಗೆ ತೆಗೆಯಿರಿ. ಲಿನಕ್ಸ್ ಪೆನ್‌ಡ್ರೈವ್ ಇದ್ದರೆ ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ, ಬೇರೆ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಬಹುದು. ಮುಂದೆ ಹೇಳುವ ಕೆಲವು ಕೆಲಸಗಳು ಡಿಸ್ಕನ್ನು ಪೂರ್ತಿ ಅಳಿಸುತ್ತವೆ.

ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ: ನೀವು ಹಾಕಲು ಹೊರಟ ಓಎಸ್ ಈ ಯಂತ್ರಕ್ಕೆ ಹೊಂದುತ್ತದಾ? ವಿಂಡೋಸ್ 11ಕ್ಕೆ ಟಿಪಿಎಂ 2.0 (ಭದ್ರತೆಯ ಚಿಪ್), ಯುಇಎಫ್‌ಐ (ಆನ್ ಮಾಡಿದಾಗ ಯಂತ್ರವನ್ನು ಶುರು ಮಾಡುವ, ಬಯಾಸ್‌ನ ಜಾಗಕ್ಕೆ ಬಂದ ಒಳ ಸಾಫ್ಟ್‌ವೇರ್), 4 ಜಿಬಿ ರ‍್ಯಾಮ್ ಬೇಕು. ಟಿಪಿಎಂ ಪರೀಕ್ಷೆಯನ್ನು ತಪ್ಪಿಸುವ ದಾರಿಗಳಿವೆ ನಿಜ, ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮುಂದಕ್ಕೆ ಕೋರ್ 2 ಡ್ಯೂಯೋದಂಥ ಹಳೇ ಪ್ರೊಸೆಸರ್‌ಗಳಲ್ಲಿ ಇಲ್ಲದ ಸೂಚನೆಗಳು (ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳು) ಬೇಕೇ ಬೇಕು, ಅಲ್ಲಿ ಯಾವ ಉಪಾಯವೂ ನಡೆಯುವುದಿಲ್ಲ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹಳೇ ಯಂತ್ರಕ್ಕೆ ನಾನು ಹೇಳುವುದು ಹಗುರವಾದ ಲಿನಕ್ಸ್. ಅದರಲ್ಲೂ ಪ್ರೊಸೆಸರ್ 64 ಬಿಟ್ಟಾ 32 ಬಿಟ್ಟಾ ನೋಡಿಕೊಳ್ಳಿ. ಕೋರ್ 2 ಡ್ಯೂಯೋ 64 ಬಿಟ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಅದರಲ್ಲಿ ಬೂಟ್ ಆಗುತ್ತದೆ. ಅದಕ್ಕಿಂತ ಹಳೆಯ 32 ಬಿಟ್ ಪ್ರೊಸೆಸರ್‌ಗೆ ಉಬುಂಟು ಡೆಸ್ಕ್‌ಟಾಪ್ ಇನ್‌ಸ್ಟಾಲರ್ ಕೊಡುವುದನ್ನು 17.10 ಆವೃತ್ತಿಯಲ್ಲೇ ನಿಲ್ಲಿಸಿತು. 32 ಬಿಟ್ ಇನ್‌ಸ್ಟಾಲರ್ ಇರುವ ಡೆಬಿಯನ್‌ನ (ಲಿನಕ್ಸ್‌ನ ಇನ್ನೊಂದು ಬಗೆ) ಕೊನೆಯ ಆವೃತ್ತಿ 12.

ಈಗ ಪೆನ್‌ಡ್ರೈವ್. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲ್‌ನ (ಓಎಸ್ ಪೂರ್ತಿ ಇರುವ ಫೈಲ್) ಚೆಕ್‌ಸಮ್, ಅಂದರೆ ಅದು ಕೆಡದೆ ಬಂದಿದೆಯಾ ಎಂದು ತಿಳಿಸುವ ಗುರುತು, ನೋಡಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ (certutil), ಲಿನಕ್ಸ್‌ನಲ್ಲಿ ಶಾ256ಸಮ್ (sha256sum) ಕಮಾಂಡ್ ಸಾಕು. ಬಂದ ಉದ್ದದ ಸಾಲು ವೆಬ್‌ಸೈಟ್‌ನಲ್ಲಿ ಕೊಟ್ಟಿದ್ದಕ್ಕೆ ಒಂದಕ್ಷರವೂ ತಪ್ಪದೆ ಹೊಂದಬೇಕು. ಹೊಂದದಿದ್ದರೆ ಮತ್ತೆ ಡೌನ್‌ಲೋಡ್ ಮಾಡಿ, ಬೇರೆ ದಾರಿಯಿಲ್ಲ. ಫೈಲ್‌ಗಳನ್ನು ಸುಮ್ನೆ ಎಳೆದು ಪೆನ್‌ಡ್ರೈವ್‌ಗೆ ಹಾಕಬೇಡಿ. ಫ್ಯಾಟ್32 ಫಾರ್ಮ್ಯಾಟ್‌ನ ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ವಿಂಡೋಸ್‌ನ ಮುಖ್ಯ ಫೈಲ್ ಎಷ್ಟೋ ಸಲ ಅದನ್ನು ಮೀರುತ್ತದೆ. ಐಎಸ್‌ಒದಿಂದ ಬೂಟ್ ಆಗುವ ಪೆನ್‌ಡ್ರೈವ್ ಮಾಡಲು ರೂಫಸ್ ಅಥವಾ ವೆಂಟಾಯ್ ಎಂಬ ಪ್ರೋಗ್ರಾಂ ಬಳಸಿ.

ಹಳೇ ಲ್ಯಾಪ್‌ಟಾಪ್‌ಗಳಲ್ಲಿ ನಾನು ಅತಿ ಜಾಸ್ತಿ ನೋಡುವ ತೊಂದರೆ ಬೂಟ್ ಮೋಡ್‌ದು. ಹಳೆಯ ಲೆಗಸಿ ಬಯಾಸ್, ಹೊಸ ಯುಇಎಫ್‌ಐ, ಇವೆರಡೂ ಇರುವ ಯಂತ್ರಗಳು ಬಹಳ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸುತ್ತದೆ, ಒಂದರ ಮುಂದೆ ಯುಇಎಫ್‌ಐ ಅಂತ ಇರುತ್ತದೆ, ಇನ್ನೊಂದರ ಮುಂದೆ ಇರುವುದಿಲ್ಲ. ಯಾವುದನ್ನು ಒತ್ತುತ್ತೀರೋ ಆ ಮೋಡ್‌ನಲ್ಲೇ ಇನ್‌ಸ್ಟಾಲರ್ ಓಡುತ್ತದೆ. ವಿಂಡೋಸ್ ಆದರೆ ಯುಇಎಫ್‌ಐಗೆ ಡಿಸ್ಕ್ ಜಿಪಿಟಿ ಆಗಿರಬೇಕು, ಲೆಗಸಿಗೆ ಎಂಬಿಆರ್ (ಡಿಸ್ಕನ್ನು ಭಾಗ ಮಾಡಿದ ಲೆಕ್ಕ ಬರೆದಿಡುವ ಎರಡು ವಿಧಾನ ಇವು). ತಪ್ಪಿದರೆ 'ಈ ಡಿಸ್ಕ್‌ಗೆ ವಿಂಡೋಸ್ ಹಾಕಲಾಗದು' ಅನ್ನುತ್ತದೆ, ಜನ ಡಿಸ್ಕ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಡಿಸ್ಕ್ ಚೆನ್ನಾಗೇ ಇದೆ! ವಾಪಸ್ ಹೋಗಿ ಇನ್ನೊಂದು ಮೋಡ್‌ನಲ್ಲಿ ಬೂಟ್ ಮಾಡಿ. ಯುಇಎಫ್‌ಐನಲ್ಲೇ ಹಾಕಬೇಕು, ಡಿಸ್ಕ್ ಪೂರ್ತಿ ಅಳಿಸಿದರೂ ಪರವಾಗಿಲ್ಲ ಅನ್ನುವವರು ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್‌ಪಾರ್ಟ್ (diskpart) ಎಂಬ ಕಮಾಂಡ್ ತೆರೆದು, ಡಿಸ್ಕ್ ಆರಿಸಿ, ಕ್ಲೀನ್ ಮಾಡಿ, ಜಿಪಿಟಿಗೆ ಬದಲಿಸಬಹುದು. ಆರಿಸುವ ಮೊದಲು ಡಿಸ್ಕ್‌ನ ಗಾತ್ರವನ್ನು ಎರಡು ಸಲ ನೋಡಿ, ಕ್ಲೀನ್ ಆದ ಮೇಲೆ ಅಯ್ಯೋ ಅಂದರೆ ಬರುವುದಿಲ್ಲ.

ಡಿಸ್ಕೇ ಪಟ್ಟಿಯಲ್ಲಿ ಕಾಣದಿದ್ದರೆ ಬಯಾಸ್ ಸೆಟ್ಟಿಂಗ್‌ನಲ್ಲಿ ಸಾಟಾ ಮೋಡ್ (ಯಂತ್ರ ಡಿಸ್ಕ್ ಜೊತೆ ಮಾತಾಡುವ ವಿಧಾನ) ರೇಡ್ ಅಂತ ಇದೆಯಾ ನೋಡಿ, ಎಎಚ್‌ಸಿಐಗೆ ಬದಲಿಸಿ. ಆದರೆ ಹಳೇ ವಿಂಡೋಸ್ ಉಳಿಸಿಕೊಳ್ಳುವವರಾದರೆ ಎಚ್ಚರ, ಇದನ್ನು ಬದಲಿಸಿದ ಮೇಲೆ ಅದು ಬೂಟ್ ಆಗದೆ ಹೋಗಬಹುದು.

ಬೂಟ್ ಆಗಿ ಪರದೆ ಕಪ್ಪಾದರೆ ಅದು ಸಾಮಾನ್ಯವಾಗಿ ಗ್ರಾಫಿಕ್ಸ್ ತಕರಾರು. ಲಿನಕ್ಸ್‌ನ ಬೂಟ್‌ಲೋಡರ್ ಆದ ಗ್ರಬ್‌ನ ಮೆನುವಿನಲ್ಲಿ ಇಂಗ್ಲಿಷ್‌ನ ಇ ಕೀ ಒತ್ತಿ, ಲಿನಕ್ಸ್ ಅಂತ ಶುರುವಾಗುವ ಸಾಲಿನಲ್ಲಿ ಕ್ವಯಟ್ ಸ್ಪ್ಲಾಷ್ (quiet splash) ಆದ ಮೇಲೆ ನೋಮೋಡ್‌ಸೆಟ್ (nomodeset) ಎಂದು ಸೇರಿಸಿ. ಚಿಕ್ಕಕ್ಷರದಲ್ಲಿ, ಒಂದೇ ಪದವಾಗಿ. ಎಫ್10 ಒತ್ತಿದರೆ ಬೂಟ್ ಆಗುತ್ತದೆ.

ಕಾಪಿ ಆಗುವಾಗ ನಿಲ್ಲುತ್ತದೆ ಅನ್ನುವವರು ಒಂದು ವಿಷಯ ಗಮನಿಸಿ. ಪ್ರತಿ ಸಲ ಅದೇ ಜಾಗದಲ್ಲಿ ನಿಂತರೆ ಪೆನ್‌ಡ್ರೈವ್ ಅಥವಾ ಡಿಸ್ಕ್ ಮೇಲೆ ಅನುಮಾನ ಪಡಿ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ರ‍್ಯಾಮ್ ಅಥವಾ ಬಿಸಿ. ರ‍್ಯಾಮ್‌ಗೆ ಮೆಮ್‌ಟೆಸ್ಟ್86 ಪ್ಲಸ್ ಎಂಬ ಪರೀಕ್ಷೆಯ ಪ್ರೋಗ್ರಾಂ ಇದೆ, ರಾತ್ರಿ ಓಡಲು ಬಿಟ್ಟು ಮಲಗಿ. ಒಂದೇ ಒಂದು ಎರರ್ ಬಂದರೂ ನಿರ್ಲಕ್ಷ್ಯ ಮಾಡಬೇಡಿ, ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಡಿಸ್ಕ್‌ಗೆ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ನೋಡಿ. 5, 197, 198ನೇ ಸಾಲುಗಳ ಕೊನೆಯಲ್ಲಿರುವ ಸಂಖ್ಯೆ ಬರೀ ಸೊನ್ನೆ ಇದ್ದರೆ ಒಳ್ಳೆಯ ಸುದ್ದಿ. 197ನೇ ಸಾಲಿನ ಸಂಖ್ಯೆ ಏರುತ್ತಾ ಇದ್ದರೆ ಆ ಡಿಸ್ಕ್‌ಗೆ ಇನ್ನು ಸಮಯ ಕೊಡಬೇಡಿ, ಎಸ್‌ಎಸ್‌ಡಿ ಹಾಕಿ. ಹೇಗೂ ಹಳೇ ಲ್ಯಾಪ್‌ಟಾಪ್‌ಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಸಂದೇಶವಿಲ್ಲದೆ ಯಂತ್ರವೇ ಪಟ್ಟನೆ ಆಫ್ ಆದರೆ ಫ್ಯಾನ್ ಧೂಳು ತೆಗೆಯಿರಿ, ಚಾರ್ಜರ್ ಸಡಿಲ ಇದೆಯಾ ನೋಡಿ.

ಗಡಿಯಾರವನ್ನೂ ನೋಡಿ. ಮದರ್‌ಬೋರ್ಡ್ ಮೇಲಿನ 3 ವೋಲ್ಟ್ ಪುಟ್ಟ ಬ್ಯಾಟರಿ ಸತ್ತಿದ್ದರೆ ತಾರೀಖು ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ, ಆಗ ಇನ್‌ಸ್ಟಾಲರ್‌ಗೆ ನೆಟ್‌ನಿಂದ ಪ್ಯಾಕೇಜ್ ತರಲು ಆಗುವುದಿಲ್ಲ.

ಕೊನೆಗೆ ಗ್ರಬ್ ಹಾಕಲಾಗಲಿಲ್ಲ ಅಂತ ಬಂದರೆ ಪಾರ್ಟಿಶನ್ (ಡಿಸ್ಕ್‌ನಲ್ಲಿ ಮಾಡಿದ ಭಾಗ) ನೋಡಿ. ಯುಇಎಫ್‌ಐ ಮೋಡ್‌ಗೆ ಫ್ಯಾಟ್32 ಮಾಡಿದ ಇಎಫ್‌ಐ ಪಾರ್ಟಿಶನ್ ಬೇಕು. ಲೆಗಸಿ ಮೋಡ್‌ನಲ್ಲಿದ್ದು ಡಿಸ್ಕ್ ಜಿಪಿಟಿ ಆಗಿದ್ದರೆ 1 ಎಂಬಿಯ ಬಯಾಸ್ ಗ್ರಬ್ ಪಾರ್ಟಿಶನ್ ಬೇಕು, ಕೈಯಾರೆ ಪಾರ್ಟಿಶನ್ ಮಾಡುವವರು ಇದನ್ನೇ ಮರೆಯುವುದು. ಇನ್‌ಸ್ಟಾಲ್ ಪೂರ್ತಿ ಮುಗಿದೂ 'ಓಎಸ್ ಸಿಗಲಿಲ್ಲ' ಅಂದರೆ ಮೊದಲು ಪೆನ್‌ಡ್ರೈವ್ ತೆಗೆದು ಬೂಟ್ ಕ್ರಮ ನೋಡಿ. ಅದೂ ಸರಿ ಇದ್ದರೆ, ಕೆಲವು ಹಳೇ ಯುಇಎಫ್‌ಐಗಳು ತಮಗೆ ಗೊತ್ತಿರುವ ಒಂದೆರಡು ಫೋಲ್ಡರ್‌ಗಳಲ್ಲಿ ಮಾತ್ರ ಬೂಟ್ ಫೈಲ್ ಹುಡುಕುತ್ತವೆ ಅನ್ನುವುದು ನೆನಪಿರಲಿ. ಅಂಥ ಯಂತ್ರದಲ್ಲಿ ಡಿಸ್ಕ್ 2 ಟಿಬಿ ಒಳಗಿದ್ದರೆ ಲೆಗಸಿ ಮೋಡ್, ಎಂಬಿಆರ್ ಇಟ್ಟುಕೊಂಡು ಮತ್ತೊಮ್ಮೆ ಹಾಕುವುದೇ ನನಗೆ ಸುಲಭ ಅನ್ನಿಸುತ್ತದೆ.