ಚಿತ್ರದ ಜೊತೆಗೆ ವಾದ್ಯವೃಂದವನ್ನು ನಡೆಸುವ ಕ್ರಮ

ತೆರೆಯ ಮೇಲೆ ಚಲನಚಿತ್ರ ಓಡುತ್ತಿರುವಾಗಲೇ ಅದರ ಹಿನ್ನೆಲೆ ಸಂಗೀತವನ್ನು ನುಡಿಸುವ ವಾದ್ಯವೃಂದವನ್ನು ನಡೆಸಬಯಸುವವರು, ಮೊದಲು ಚಿತ್ರವನ್ನು ಬದಿಗಿಟ್ಟು, ಸ್ವರಲಿಪಿಯೊಂದನ್ನೇ ಹಿಡಿದು, ಪ್ರತಿ ಭಾಗದ ಗತಿಭೇದಗಳನ್ನು ಕೈಗೆ ರೂಢಿಸಿಕೊಳ್ಳಬೇಕು. ಸೆಕೆಂಡಿಗೆ 24 ಫ್ರೇಮ್‌ಗಳಂತೆ ಓಡುವ ಚಿತ್ರದಲ್ಲಿ 12 ಫ್ರೇಮ್‌ಗಳಿಗೊಂದು ಬಡಿತವೆಂದರೆ ನಿಮಿಷಕ್ಕೆ 120 ಬಡಿತಗಳಾಗುತ್ತವೆ. ಈ ಲೆಕ್ಕ ಬಾಯಿಪಾಠವಾಗಿರಲಿ. ಅನಂತರ ಕಿವಿಗೆ ಕ್ಲಿಕ್ ಟ್ರ್ಯಾಕ್ (ಪ್ರತಿ ಬಡಿತಕ್ಕೂ ಟಿಕ್ ಎನ್ನುವ ಧ್ವನಿಮುದ್ರಿಕೆ) ಹಾಕಿಕೊಂಡು ಅಭ್ಯಾಸ ಮಾಡಿ. ಆದರೆ ಕ್ಲಿಕ್ಕನ್ನೇ ನೆಚ್ಚಿಕೊಂಡರೆ ಸಂಗೀತ ಯಾಂತ್ರಿಕವಾಗುವುದರಿಂದ, ಭಾವಪೂರ್ಣ ಭಾಗಗಳಿಗೆ ಹಾಲಿವುಡ್‌ನ ಸಂಗೀತ ಸಂಯೋಜಕ ಆಲ್ಫ್ರೆಡ್ ನ್ಯೂಮನ್ ಅವರ ಹೆಸರಿನ ಪದ್ಧತಿಯೇ ಮೇಲು: ನಿಮ್ಮ ಮುಂದಿನ ಪುಟ್ಟ ಪರದೆಯಲ್ಲಿ ಲಂಬವಾದ ಗೆರೆಯೊಂದು ಎಡದಿಂದ ಬಲಕ್ಕೆ ಸರಿದು, ಕೊನೆ ಮುಟ್ಟಿದಾಗ ಬೆಳಕಿನ ಚುಕ್ಕೆ ಮಿನುಗುತ್ತದೆ, ಗುರುತು ಮಾಡಿಟ್ಟ ಬಡಿತ ಅದೇ ಕ್ಷಣಕ್ಕೆ ಬೀಳಬೇಕು. ಹಿಂದೆ ಬಿದ್ದರೆ ಥಟ್ಟನೆ ವೇಗ ಹೆಚ್ಚಿಸದೆ, ಕೊರತೆಯನ್ನು ಕೆಲವು ಬಡಿತಗಳಲ್ಲಿ ಹಂಚಿ ಸರಿದೂಗಿಸಿ. ಕೈಯ ಗಾಬರಿ ವಾದಕರಿಗೆ ತಕ್ಷಣವೇ ತಿಳಿದು ಮೇಳ ಚದುರುತ್ತದೆ.