ಸಂದರ್ಶನಕ್ಕೆ ಉಡುಪು: ಕೆಲಸ ನೋಡಿ ಆರಿಸಿ, ಕೂತು ನೋಡಿ ಖಚಿತಪಡಿಸಿಕೊಳ್ಳಿ

ಸಂದರ್ಶನದ ಕರೆ ಬಂದ ಕೂಡಲೇ ಬಟ್ಟೆ ಅಂಗಡಿಗೆ ಹೋಗಬೇಕಾದ ಅಗತ್ಯ ಬಹುತೇಕ ಅಭ್ಯರ್ಥಿಗಳಿಗೆ ಇರುವುದಿಲ್ಲ. ಮನೆಯಲ್ಲೇ ಇರುವ ಒಂದು ಒಳ್ಳೆಯ ಅಂಗಿ, ಮೈಗೆ ಸರಿಯಾಗಿ ಕೂರುವ ಒಂದು ಪ್ಯಾಂಟು, ಇಲ್ಲವೇ ಉಟ್ಟು ರೂಢಿಯಿರುವ ಒಂದು ಹತ್ತಿಯ ಸೀರೆ ಸಾಕಾಗುತ್ತದೆ. ಪ್ರಶ್ನೆ ಕೇಳುತ್ತಿರುವವರ ಮಾತಿನ ಮೇಲೆ ಮನಸ್ಸು ಪೂರ್ತಿ ನಿಲ್ಲಬೇಕಾದ ಹೊತ್ತಿನಲ್ಲಿ ಕಾಲರು ಕುತ್ತಿಗೆಯನ್ನು ಒತ್ತುತ್ತಿದ್ದರೆ, ಸೆರಗು ಜಾರುತ್ತಿದ್ದರೆ, ಹೊಸ ಶೂ ಹಿಮ್ಮಡಿಯನ್ನು ಕಚ್ಚುತ್ತಿದ್ದರೆ, ಗೊತ್ತಿರುವ ಉತ್ತರವೂ ನಾಲಿಗೆಯಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ಒಳಗೆ ಹೋಗಿ ಕೂತ ಮೇಲೆ ನೆನಪಿಗೇ ಬಾರದ ಉಡುಪನ್ನು ಆರಿಸಿಕೊಳ್ಳಬೇಕು. ಅದನ್ನು ಆರಿಸುವ ಬಗೆ ಹೀಗೆ.

ಮೊದಲು ಕೆಲಸವನ್ನು ತಿಳಿದುಕೊಳ್ಳಿ

ಎಲ್ಲ ಸಂದರ್ಶನಗಳಿಗೂ ಹೊಂದುವ ಒಂದೇ ಉಡುಪು ಇಲ್ಲ. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೂ ಸಂದರ್ಶನವನ್ನು ಕೈಬಿಟ್ಟಿರುವುದರಿಂದ, ಕೇಂದ್ರದ ನೇಮಕಾತಿಗಳಲ್ಲಿ ಸಂದರ್ಶನವೆಂಬುದು ಮುಖ್ಯವಾಗಿ ಮೇಲಿನ ಹುದ್ದೆಗಳಿಗೆ ಉಳಿದಿದೆ. ದೆಹಲಿಯಲ್ಲಿ ಕೇಂದ್ರ ಲೋಕಸೇವಾ ಆಯೋಗದ ಕಚೇರಿಯಾದ ಧೋಲ್‌ಪುರ್ ಹೌಸ್‌ನಲ್ಲಿ ನಡೆಯುವ ನಾಗರಿಕ ಸೇವೆಗಳ ವ್ಯಕ್ತಿತ್ವ ಪರೀಕ್ಷೆಗೆ, ಅಂದರೆ ಸಂದರ್ಶನಕ್ಕೆ, 275 ಅಂಕಗಳಿವೆ. ಅಲ್ಲಿಗೆ ಹೋಗುವ ಪುರುಷ ಅಭ್ಯರ್ಥಿಗಳಲ್ಲಿ ಅನೇಕರು ಕೋಟು, ಟೈ ಧರಿಸುತ್ತಾರೆ. ಮಹಿಳೆಯರು ಸೀರೆ ಅಥವಾ ಚೂಡಿದಾರವನ್ನು ಆರಿಸುತ್ತಾರೆ. ಬ್ಯಾಂಕುಗಳ ಪ್ರೊಬೇಷನರಿ ಆಫೀಸರ್ ಸಂದರ್ಶನಕ್ಕಾದರೆ ತುಂಬುತೋಳಿನ ತಿಳಿಬಣ್ಣದ ಅಂಗಿ, ಗಾಢ ಬಣ್ಣದ ಪ್ಯಾಂಟು, ಕಪ್ಪು ಶೂ ಸಾಕು. ಕೋಟು ಇಲ್ಲವೆಂಬ ಕಾರಣಕ್ಕೆ ಯಾರೂ ಕೊರಗಬೇಕಾಗಿಲ್ಲ. ಬೇರೆಯವರ ಅಳತೆಯ ಕೋಟನ್ನು ಎರವಲು ತಂದು ಭುಜ ಇಳಿಬಿದ್ದಂತೆ ಕಾಣುವುದಕ್ಕಿಂತ, ಚೆನ್ನಾಗಿ ಇಸ್ತ್ರಿಯಾದ ಸ್ವಂತ ಅಂಗಿ ಎಷ್ಟೋ ಮೇಲು.

ಲಿಖಿತ ಪರೀಕ್ಷೆಯ ಅಭ್ಯಾಸವನ್ನು ಸಂದರ್ಶನಕ್ಕೂ ತರುವವರಿದ್ದಾರೆ. ನಮ್ಮ ರಾಜ್ಯದ ಹಲವು ನೇಮಕಾತಿ ಪರೀಕ್ಷೆಗಳಲ್ಲಿ ನಕಲು ತಡೆಯಲು ತುಂಬುತೋಳಿನ ಅಂಗಿಯನ್ನೂ ಶೂವನ್ನೂ ನಿಷೇಧಿಸುವುದುಂಟು. ಸಂದರ್ಶನದಲ್ಲಿ ಅಂಥ ಕಾರಣವೇ ಇಲ್ಲ. ಅಲ್ಲಿ ತುಂಬುತೋಳು, ಮುಚ್ಚಿದ ಶೂ ಎರಡೂ ಯೋಗ್ಯ. ಆದರೂ ಕರೆಪತ್ರದಲ್ಲಿ ಉಡುಪಿನ ಬಗ್ಗೆ ಏನಾದರೂ ಸೂಚನೆ ಇದೆಯೇ ಎಂದು ಒಮ್ಮೆ ಓದಿಕೊಳ್ಳಿ.

ಶಿಕ್ಷಕ ಹುದ್ದೆಯ ಸಂದರ್ಶನದಲ್ಲಿ ಖಾಸಗಿ ಶಾಲೆಗಳು ಸಾಮಾನ್ಯವಾಗಿ ಒಂದು ಮಾದರಿ ಪಾಠವನ್ನೂ ಮಾಡಿಸುತ್ತವೆ. ಆಗ ಕರಿಹಲಗೆಯ ಮೇಲ್ಭಾಗದಲ್ಲಿ ಬರೆಯಲು ಕೈ ಎತ್ತಬೇಕಾಗುತ್ತದೆ, ಮಕ್ಕಳ ನಡುವೆ ಓಡಾಡಬೇಕಾಗುತ್ತದೆ, ಬಾಗಿ ಪುಸ್ತಕ ನೋಡಬೇಕಾಗುತ್ತದೆ. ಕೈ ಎತ್ತಿದೊಡನೆ ಪ್ಯಾಂಟಿನಿಂದ ಹೊರಬರುವ ಗಿಡ್ಡ ಅಂಗಿಯಾಗಲಿ, ತೋಳು ಬಿಗಿಯುವ ರವಿಕೆಯಾಗಲಿ ಇಲ್ಲಿ ತೊಂದರೆ ಕೊಡುತ್ತದೆ. ಕಡುಗಪ್ಪು ಅಥವಾ ಕಡುನೀಲಿ ಉಡುಪಿನ ಮೇಲೆ ಸೀಮೆಸುಣ್ಣದ ಪುಡಿ ಎದ್ದು ಕಾಣುವುದರಿಂದ ತಿಳಿ ಅಥವಾ ಮಧ್ಯಮ ಬಣ್ಣಗಳೇ ಅನುಕೂಲ. ಹೆಚ್ಚಿನ ಶಾಲೆಗಳಲ್ಲಿ ಶಿಕ್ಷಕಿಯರು ಸೀರೆ ಉಡುವ ಪದ್ಧತಿ ಈಗಲೂ ಇದೆ. ನೀವು ಹೋಗುವ ಶಾಲೆಯ ಗೇಟಿನ ಬಳಿ ಒಂದು ದಿನ ಮುಂಚೆ ಸಂಜೆ ಹೊತ್ತಿಗೆ ನಿಂತು ನೋಡಿದರೆ, ಅಲ್ಲಿಯವರು ಏನು ಉಡುತ್ತಾರೆಂಬುದು ಯಾರನ್ನೂ ಕೇಳದೆಯೇ ತಿಳಿಯುತ್ತದೆ.

ಪೀಣ್ಯ, ಬಿಡದಿಯಂಥ ಕಡೆ ಕಾರ್ಖಾನೆಗಳಿಗೆ ಹೋಗುವ ಐಟಿಐ ಮತ್ತು ಡಿಪ್ಲೊಮಾ ಅಭ್ಯರ್ಥಿಗಳನ್ನು ಮಾತುಕತೆಯ ನಂತರ ಯಂತ್ರಗಳಿರುವಲ್ಲಿಗೆ ಕರೆದೊಯ್ಯುವ ಸಾಧ್ಯತೆ ಇರುತ್ತದೆ. ಜೋತಾಡುವ ವೇಲು, ಸಡಿಲ ತೋಳು, ಉಂಗುರ, ಕಡಗ, ಚಪ್ಪಲಿ ಇವೆಲ್ಲ ತಿರುಗುವ ಯಂತ್ರದ ಬಳಿ ಅಪಾಯಕಾರಿ. ಅವುಗಳಿಲ್ಲದೆ, ಮುಂಭಾಗ ಮುಚ್ಚಿದ ಗಟ್ಟಿ ಶೂ ಹಾಕಿಕೊಂಡು ಬಂದ ಹುಡುಗ ಹುಡುಗಿಯರಿಗೆ ಸುರಕ್ಷತೆಯ ಅರಿವಿದೆ ಎಂದು ಮೇಲ್ವಿಚಾರಕರು ಕಂಡುಕೊಳ್ಳುತ್ತಾರೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಳಗೆ ದುಡಿಯುವವರು ಟೀ ಶರ್ಟ್ ಹಾಕಿದ್ದರೂ, ಮೊದಲ ಕೆಲಸಕ್ಕೆ ಹೋಗುವವರು ಕಾಲರಿರುವ ಅಂಗಿಯನ್ನೇ ಧರಿಸುವುದು ಒಳ್ಳೆಯದು.

ಬಟ್ಟೆಯ ಗುಣ ಮತ್ತು ಊರಿನ ಹವೆ

ಶುದ್ಧ ಹತ್ತಿ ಬೆವರನ್ನು ಹೀರುತ್ತದೆ, ಆದರೆ ಒಂದು ಗಂಟೆ ಬಸ್ಸಿನಲ್ಲಿ ಕೂತರೆ ಮುದುಡುತ್ತದೆ. ಲಿನನ್ ಇನ್ನೂ ಬೇಗ ಮುದುಡುತ್ತದೆ. ಪೂರ್ತಿ ಪಾಲಿಯೆಸ್ಟರ್ ಇಸ್ತ್ರಿ ಹಿಡಿದಿಟ್ಟುಕೊಂಡರೂ ಸೆಕೆಯಲ್ಲಿ ಮೈಗೆ ಅಂಟುತ್ತದೆ. ಆದ್ದರಿಂದ ದೂರದಿಂದ ಬರುವವರಿಗೆ, ಹತ್ತಿಯ ಪಾಲು ಹೆಚ್ಚಿರುವ ಮಿಶ್ರ ನೂಲಿನ ಬಟ್ಟೆಯನ್ನು ನಾನು ಮೊದಲು ಸೂಚಿಸುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಮಂಗಳೂರು, ಕಾರವಾರಗಳಲ್ಲಿ ಅಷ್ಟು ಬಿಸಿಲಿಲ್ಲದಿದ್ದರೂ ಗಾಳಿಯ ತೇವದಿಂದ ಬೆವರು ಆರುವುದೇ ಇಲ್ಲ. ಇಂಥ ಕಡೆ ಬೂದು ಬಣ್ಣದ ಅಂಗಿಯಲ್ಲಿ ಕಂಕುಳಿನ ಒದ್ದೆ ಎದ್ದು ಕಾಣುತ್ತದೆ, ತಿಳಿನೀಲಿಯಲ್ಲೂ ಸ್ವಲ್ಪ ಕಾಣುತ್ತದೆ, ಬಿಳಿಯಲ್ಲಿ ಬಹಳ ಕಡಿಮೆ. ಬಿಳಿ ಅಂಗಿಯ ಬಟ್ಟೆ ತೆಳುವಾಗಿದ್ದರೆ ಒಳಗೆ ತೋಳಿರುವ ಬನಿಯನ್ ಹಾಕಿಕೊಳ್ಳಬೇಕು, ಇಲ್ಲವಾದರೆ ಬನಿಯನ್ನಿನ ಅಂಚು ಹೊರಗೆ ತೋರುತ್ತದೆ.

ಬಣ್ಣದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹೊಳೆಯುವ ಬಟ್ಟೆ, ದೊಡ್ಡ ಹೂವು, ಎದೆಯ ಮೇಲೆ ಅಕ್ಷರ ಇವು ಬೇಡ. ಉಳಿದದ್ದೆಲ್ಲ ನಡೆಯುತ್ತದೆ.

ಅಳತೆ ಸರಿಯಾಗಿದೆಯೇ?

ಅಗ್ಗದ ಅಂಗಿಯೂ ಅಳತೆ ಸರಿಯಿದ್ದರೆ ಗೌರವ ತರುತ್ತದೆ. ದುಬಾರಿ ಅಂಗಿ ಅಳತೆ ತಪ್ಪಿದರೆ ಯಾರದೋ ಬಟ್ಟೆಯಂತೆ ಕಾಣುತ್ತದೆ. ಸಂದರ್ಶನದ ಉಡುಪಿನಲ್ಲಿ ಶ್ರಮ ಹಾಕಬೇಕಾದ ಜಾಗ ಇದೇ. ಅಂಗಿಯ ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿಗೆ ಬರಬೇಕು. ಕಾಲರಿನ ಗುಂಡಿ ಹಾಕಿದಾಗ ಕುತ್ತಿಗೆಗೂ ಕಾಲರಿಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ತೋಳು ಮಣಿಕಟ್ಟಿನ ಮೂಳೆಯನ್ನು ಮುಟ್ಟಬೇಕು. ಟೈ ಕಟ್ಟುವವರು ಅದರ ತುದಿ ಬೆಲ್ಟಿನ ಬಕಲ್‌ವರೆಗೆ ಬರುವಂತೆ ನೋಡಿಕೊಳ್ಳಬೇಕು, ಕೋಟು ಹಾಕುವವರಿಗೆ ಅಂಗಿಯ ಕೈಪಟ್ಟಿ ಅರ್ಧ ಇಂಚಿನಷ್ಟು ಹೊರಗೆ ಕಾಣಬೇಕು.

ಹೊಸದಾಗಿ ಕೊಳ್ಳುವುದೇ ಆದರೆ ಭುಜವನ್ನು ನೋಡಿ ಕೊಳ್ಳಿ. ಪಕ್ಕದ ಹೊಲಿಗೆಯನ್ನು ಒಳಗೆ ಹಿಡಿಯುವುದು, ತೋಳು ಗಿಡ್ಡ ಮಾಡುವುದು, ಪ್ಯಾಂಟಿನ ಕಾಲು ಮಡಿಸುವುದು ಯಾವ ಟೈಲರಿಗೂ ಸುಲಭದ ಕೆಲಸ. ಭುಜವನ್ನು ಸರಿಪಡಿಸಲು ಮಾತ್ರ ಇಡೀ ಅಂಗಿಯನ್ನು ಬಿಚ್ಚಬೇಕಾಗುತ್ತದೆ. ಹಳೆಯ ಪ್ಯಾಂಟು ಸೊಂಟದಲ್ಲಿ ಬಿಗಿಯಾಗಿದ್ದರೆ ಎಸೆಯಬೇಡಿ. ಹಿಂಬದಿಯ ಹೊಲಿಗೆಯೊಳಗೆ ಸಾಮಾನ್ಯವಾಗಿ ಬಿಟ್ಟಿರುವ ಹೆಚ್ಚುವರಿ ಬಟ್ಟೆಯಿಂದ ಒಂದಿಂಚಿನಷ್ಟು ಸಡಿಲಿಸಿಕೊಡುತ್ತಾರೆ. ಮದುವೆ, ಹಬ್ಬದ ದಿನಗಳಲ್ಲಿ ಟೈಲರುಗಳ ಕೈತುಂಬ ಕೆಲಸವಿರುವುದರಿಂದ ಕನಿಷ್ಠ ಒಂದು ವಾರ ಮೊದಲೇ ಕೊಟ್ಟುಬಿಡಿ. ಹೊಸ ಹತ್ತಿ ಬಟ್ಟೆಯನ್ನು ಹೊಲಿಸುವ ಮೊದಲೇ ಒಮ್ಮೆ ನೆನೆಸಿ ಒಣಗಿಸುವುದು ಅಗತ್ಯ, ಏಕೆಂದರೆ ಅದು ಮೊದಲ ಒಗೆತದಲ್ಲಿ ಕುಗ್ಗುತ್ತದೆ.

ಇದೆಲ್ಲ ಆದ ಮೇಲೆ ಅತಿಮುಖ್ಯವಾದ ಪರೀಕ್ಷೆ ಬಾಕಿಯಿದೆ. ನಾವು ಕನ್ನಡಿಯ ಮುಂದೆ ನಿಂತು ನೋಡುತ್ತೇವೆ, ಸಂದರ್ಶನದಲ್ಲಿ ಕೂತಿರುತ್ತೇವೆ. ಹಾಗಾಗಿ ಪೂರ್ತಿ ಉಡುಪು ಧರಿಸಿ, ಕೈಯಿಲ್ಲದ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು, ಮನೆಯವರೊಬ್ಬರನ್ನು ಎದುರಿಗೆ ಕೂರಿಸಿಕೊಳ್ಳಿ. ಅಂಗಿಯ ಗುಂಡಿಗಳ ನಡುವೆ ಸಂದು ಬಿಡುತ್ತದೆಯೇ, ಪ್ಯಾಂಟಿನ ಅಂಚು ಮೇಲೆದ್ದು ಕಾಲಿನ ಚರ್ಮ ಕಾಣುತ್ತದೆಯೇ, ಚೂಡಿದಾರದ ಪಕ್ಕದ ಸೀಳು ಹೆಚ್ಚು ತೆರೆದುಕೊಳ್ಳುತ್ತದೆಯೇ ಎಂಬುದನ್ನು ಅವರು ಹೇಳಲಿ. ಅರ್ಧ ಕಾಲಿನವರೆಗೆ ಬರುವ, ಪ್ಯಾಂಟಿನದೇ ಬಣ್ಣದ ಸಾಕ್ಸ್ ಇದ್ದರೆ ಎರಡನೆಯ ತೊಂದರೆ ಬರುವುದಿಲ್ಲ.

ಸೀರೆಯೋ ಚೂಡಿದಾರವೋ?

ಸೀರೆ ಉಟ್ಟರೆ ಮಾತ್ರ ಗಂಭೀರವಾಗಿ ಕಾಣುತ್ತೇವೆಂಬ ನಂಬಿಕೆ ಅನೇಕ ಹೆಣ್ಣುಮಕ್ಕಳಲ್ಲಿದೆ. ಅದು ನಿಜವಲ್ಲ. ಅಂದೇ ಮೊದಲ ಬಾರಿ ಸೀರೆ ಉಡುವವರ ನಡಿಗೆಯಲ್ಲಿ ಅಳುಕು ಕಾಣಿಸಿಕೊಳ್ಳುತ್ತದೆ. ಮಂಡಿಯವರೆಗಿನ ಸಾದಾ ಕುರ್ತಾ, ಪಿನ್ನು ಹಾಕಿದ ವೇಲು ಅವರಿಗೆ ಹೆಚ್ಚು ಹಿತ. ಸೀರೆಯ ರೂಢಿ ಇರುವವರು ಸಣ್ಣ ಅಂಚಿನ ಹತ್ತಿ ಸೀರೆಯನ್ನೋ, ಇಳಕಲ್ಲಿನ ಸಾದಾ ನೇಯ್ಗೆಯ ಸೀರೆಯನ್ನೋ ಆರಿಸಬಹುದು. ಮೈಸೂರು ರೇಷ್ಮೆ ನಯವಾದ ಬಟ್ಟೆಯಾದ್ದರಿಂದ ಸೆರಗು ಜಾರುತ್ತದೆ. ಫಾಲ್ ಹೊಲಿಸಿದ್ದರೆ ನೆರಿಗೆ ಸರಿಯಾಗಿ ನಿಲ್ಲುತ್ತದೆ. ಭುಜದ ಬಳಿ ಸೆರಗಿನ ಮಡಿಕೆಗೆ ಒಂದು, ನೆರಿಗೆಗೆ ಒಂದು ಪಿನ್ನು ಬೇಕು. ಹತ್ತಿ ಸೀರೆಗೆ ಗಂಜಿಯನ್ನು ತೆಳುವಾಗಿ ಹಾಕಿ; ದಪ್ಪವಾದರೆ ಸೀರೆ ಉಬ್ಬಿ ನಿಲ್ಲುತ್ತದೆ. ಗಾಜಿನ ಬಳೆಗಳು ಮೇಜಿಗೆ ತಾಗಿ ಸದ್ದು ಮಾಡುತ್ತವೆ, ಕೈಗೊಂದು ಬಳೆ ಅಥವಾ ಗಡಿಯಾರ ಸಾಕು.

ಕುಂಕುಮ, ವಿಭೂತಿ, ತಾಳಿ, ಹಿಜಾಬ್, ಸಿಖ್ಖರ ಪೇಟ ಮುಂತಾದ, ದಿನನಿತ್ಯ ಧರಿಸುವ ಗುರುತುಗಳನ್ನು ಅಂದು ಮಾತ್ರ ತೆಗೆದಿಡಬೇಕೆಂದು ನಾನು ಹೇಳಲಾರೆ. ನೀವು ಯಾವ ರೂಪದಲ್ಲಿ ಕೆಲಸಕ್ಕೆ ಬರುವಿರೋ ಅದೇ ರೂಪದಲ್ಲಿ ನಿಮ್ಮನ್ನು ನೋಡುವುದು ಅವರಿಗೂ ನ್ಯಾಯ, ನಿಮಗೂ ನ್ಯಾಯ.

ಪ್ರಯಾಣ ಮತ್ತು ಇಸ್ತ್ರಿ

ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗಿನ ಜಾವ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದು ಹಾಗೆಯೇ ಸಂದರ್ಶನಕ್ಕೆ ಹೋಗುವ ಯುವಜನರು ಸಾಕಷ್ಟಿದ್ದಾರೆ. ಸಂದರ್ಶನದ ಉಡುಪನ್ನು ಧರಿಸಿ ಪ್ರಯಾಣ ಮಾಡಬೇಡಿ. ಇಸ್ತ್ರಿಯಾದ ಅಂಗಿಯ ಗುಂಡಿಗಳನ್ನೆಲ್ಲ ಹಾಕಿ, ಬೆನ್ನಿಗೆ ಒಂದು ಹಳೆಯ ಪತ್ರಿಕೆಯ ಹಾಳೆಯಿಟ್ಟು ಮಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲ್ಭಾಗದಲ್ಲಿ ಇಡಿ. ಪ್ಯಾಂಟನ್ನು ಗೀರಿನ ಮೇಲೇ ಮಡಿಸಿ, ಶೂವನ್ನು ಬೇರೆ ಚೀಲದಲ್ಲಿ ಕೆಳಗಿಡಿ. ಬೆಂಗಳೂರಿನಲ್ಲಿ ನೆಂಟರ ಅಥವಾ ಗೆಳೆಯರ ಕೋಣೆಯಿದ್ದರೆ ಅಲ್ಲಿ, ಇಲ್ಲದಿದ್ದರೆ ನಿಲ್ದಾಣದ ಸ್ನಾನಗೃಹದಲ್ಲಿ ಮುಖ ತೊಳೆದು ಬಟ್ಟೆ ಬದಲಿಸಿ. ಮಳೆಗಾಲದಲ್ಲಿ ಕೊಡೆಯ ಜೊತೆಗೆ ಇನ್ನೊಂದು ಜೊತೆ ಸಾಕ್ಸ್ ಇರಲಿ. ಹಸಿ ಸಾಕ್ಸಿನಲ್ಲಿ ಕೂತವರಿಗೆ ಬೇರೇನೂ ತಲೆಗೆ ಹೋಗುವುದಿಲ್ಲ.

ಹೊಸ ಶೂ ಕೊಂಡಿದ್ದರೆ ಒಂದು ವಾರ ಮುಂಚಿನಿಂದ ಮನೆಯಲ್ಲೇ ಹಾಕಿ ಓಡಾಡಿ. ಶೂ, ಬೆಲ್ಟು ಒಂದೇ ಬಣ್ಣದ್ದಾಗಿರಲಿ. ಸುಗಂಧ ತೀರ ಕಡಿಮೆ ಇರಲಿ, ಉಗುರು ಕತ್ತರಿಸಿರಲಿ.

ಮನೆಯಿಂದಲೇ ವಿಡಿಯೊ ಮೂಲಕ ಸಂದರ್ಶನ ಎದುರಿಸುವವರು ಒತ್ತಾದ ಸಣ್ಣ ಗೆರೆಗಳ ಅಂಗಿಯನ್ನು ಬಿಡಬೇಕು. ಕ್ಯಾಮೆರಾದಲ್ಲಿ ಆ ಗೆರೆಗಳು ನೀರಿನ ಅಲೆಯಂತೆ ಅಲುಗಾಡುತ್ತವೆ. ಅಚ್ಚಬಿಳಿ ಅಂಗಿಗೆ ಕ್ಯಾಮೆರಾ ಬೆಳಕನ್ನು ತಾನಾಗಿ ತಗ್ಗಿಸಿಕೊಂಡಾಗ ಮುಖ ಕಪ್ಪಾಗಿ ಕಾಣಬಹುದು, ತಿಳಿನೀಲಿ ಹೆಚ್ಚು ಸೂಕ್ತ. ಹಿಂದಿನ ದಿನವೇ, ಸಂದರ್ಶನ ನಡೆಯುವ ಅದೇ ಹೊತ್ತಿನ ಬೆಳಕಿನಲ್ಲಿ, ಅದೇ ಅಂಗಿ ತೊಟ್ಟು ಗೆಳೆಯರೊಬ್ಬರಿಗೆ ವಿಡಿಯೊ ಕರೆ ಮಾಡಿ ನೋಡಿ. ಮಾತಿನ ನಡುವೆ ಏನನ್ನಾದರೂ ತರಲು ಏಳಬೇಕಾದೀತು, ಆದ್ದರಿಂದ ಪ್ಯಾಂಟನ್ನೂ ಸರಿಯಾದದ್ದನ್ನೇ ಹಾಕಿಕೊಳ್ಳಿ.