ಮೊಲದ ಮೂಗಿನ ಕಜ್ಜಿ ಕೊನೆಗೂ ಹೋಯ್ತು

ನಮ್ಮದು ಐದು ಮೊಲ. ಮಳೆಗಾಲದಲ್ಲಿ ಬಿಳಿ ಗಂಡಿನ ಮೂಗಿನ ಮೇಲೆ ಬೂದಿ ಬಣ್ಣದ ಹಕ್ಕಳೆ ಎದ್ದಿತು. ಆಮೇಲೆ ಕಾಲ್ಬೆರಳ ಸುತ್ತ. "ಕಜ್ಜಿ ಹತ್ತಿದ ಮೊಲ ಉಳಿಯಲ್ಲ, ಬಿಟ್ಟುಬಿಡಪ್ಪ" ಅಂದರು ಭಾವ.

ನಾನು ಫಂಗಸ್ ಅಂದುಕೊಂಡೆ. ಮೂರು ಟ್ಯೂಬ್ ಮುಲಾಮು, ಹತ್ತಿರ ಹತ್ತಿರ 500 ರೂಪಾಯಿ, ಸುಮ್ನೆ ಹೋಯ್ತು. ಬೇವಿನೆಣ್ಣೆ ಹಚ್ಚಿದೆ. ಅದನ್ನು ನೆಕ್ಕಿ ಎರಡು ದಿನ ಮೇವು ಬಿಟ್ಟಿತು. ಮೊಲ ಮೇವು ಬಿಟ್ಟರೆ ಪ್ರಾಣಕ್ಕೇ ಭಯ! ಅಂಗಡಿಯವನು ನಾಯಿ ಉಣ್ಣೆಗೆ ಹಾಕುವ ಫಿಪ್ರೊನಿಲ್ ಹನಿ ಕೊಟ್ಟ, 350ರ ಸುಮಾರು. ಮನೆಗೆ ಬಂದು ಓದಿದರೆ ಮೊಲಕ್ಕೆ ಅದನ್ನು ಹಾಕಲೇಬಾರದಂತೆ. ಸೀಲ್ ಒಡೆದಿರಲಿಲ್ಲ, ಬಚಾವ್.

ಸುಳಿವು ಸಿಕ್ಕಿದ್ದು ನನ್ನ ಕೈಯಲ್ಲೇ. ಮಣಿಕಟ್ಟಿನ ಹತ್ತಿರ ಕೆಂಪು ಗುಳ್ಳೆ, ರಾತ್ರಿಯೆಲ್ಲ ತುರಿಕೆ. ಫಂಗಸ್ ಆಗಿದ್ದರೆ ಕಾಣಬೇಕಿದ್ದ ಹುಳುಕಡ್ಡಿಯ ಉಂಗುರ ಎಲ್ಲೂ ಇಲ್ಲ. ಹಾಗಾದ್ರೆ ಕಜ್ಜಿ ಹುಳವೇ ಇರಬೇಕು ಅನ್ನಿಸಿತು. ಮೊಲದ ಹಕ್ಕಳೆಗೆ ಟೇಪ್ ಅಂಟಿಸಿ ಕಿತ್ತು ನಾಲ್ಕು ಸಲ ನೋಡಿದೆ, ಏನೂ ಸಿಗಲಿಲ್ಲ. ಈ ಹುಳ ಚರ್ಮದೊಳಗೇ ಕೊರೆದುಕೊಂಡು ಇರುತ್ತೆ, ಟೇಪಿಗೆಲ್ಲಿ ಬರಬೇಕು? ಪಶು ಆಸ್ಪತ್ರೆಯ ಡಾಕ್ಟರು ಮೊಲದ ಚರ್ಮವನ್ನು ಬ್ಲೇಡಿನಿಂದ ರಕ್ತ ಜಿನುಗುವವರೆಗೆ ಕೆರೆದು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ದುಂಡಗಿನ ಮೈ, ಮೋಟು ಕಾಲು. ಸಾರ್ಕಾಪ್ಟಿಸ್ ಅನ್ನೋ ಕಜ್ಜಿ ಹುಳ.

ಮದ್ದು ಈ ಹುಳ ಸಾಯಿಸುವ ಐವರ್ಮೆಕ್ಟಿನ್ ಇಂಜೆಕ್ಷನ್, ಚರ್ಮದಡಿಗೆ. ಬಾಟಲಿ ಮಿಲಿಗೆ 10 ಮಿಲಿಗ್ರಾಂ ಇರುವುದು. 2 ಕೆಜಿ ಮೊಲಕ್ಕೆ ಡಾಕ್ಟರು ಹೇಳಿದ್ದು ಬರೀ 0.06 ಮಿಲಿ. ಇನ್ಸುಲಿನ್ ಸಿರಿಂಜ್ ಇಲ್ಲದೆ ಅಳೆಯೋಕೆ ಆಗಲ್ಲ. ಸಿರಿಂಜ್ ಮಿಲಿಗೆ 40 ಯೂನಿಟ್ಟಿನದೋ 100ರದೋ ನೋಡಿಕೊಳ್ಳಿ, ಗೆರೆಗಳ ಲೆಕ್ಕ ಬೇರೆ.

ಹತ್ತು ದಿನಕ್ಕೆ ಹಕ್ಕಳೆ ತಾನಾಗೇ ಉದುರಿತು. ಕೀಳಬೇಡಿ, ಅಡಿಯಲ್ಲಿ ಹಸಿ ಮಾಂಸ. ಗೆದ್ದೆ ಅಂತ ಎರಡನೇ ಡೋಸ್ ಬಿಟ್ಟೆ. ಮೂರನೇ ವಾರಕ್ಕೆ ಮೂಗು ಮತ್ತೆ ಬೂದಿ! ಮದ್ದಿಗೆ ಹುಳದ ಮೊಟ್ಟೆ ಸಾಯಲ್ಲ. ಮತ್ತೆ ಮೊದಲಿಂದ. 14 ದಿನಕ್ಕೊಂದರಂತೆ ಮೂರು ಡೋಸ್, ಹಕ್ಕಳೆ ಇರಲಿ ಬಿಡಲಿ ಐದಕ್ಕೂ. ತಂತಿ ಬೋನಿಗೆ ಗ್ಯಾಸ್ ಟಾರ್ಚಿನ ಉರಿ ತೋರಿಸಿದೆ. ಮರದ ಪೆಟ್ಟಿಗೆ ಸುಟ್ಟೇ ಹಾಕಿದೆ.

ನಡುವೆ ಕಂದು ಹೆಣ್ಣಿನ ಕಿವಿಯಿಂದ ಉದುರಿದ ಹಕ್ಕಳೆಯನ್ನು ಕಪ್ಪು ಕಾಗದದ ಮೇಲೆ ಬಲ್ಬಿನಡಿ ಇಟ್ಟೆ. ಬಿಳಿ ಚುಕ್ಕಿಗಳು ನಡೆಯೋಕೆ ಶುರು! ಮಕ್ಕಳು ಟಿವಿ ಬಿಟ್ಟು ಬಂದರು. ಅದು ಕಿವಿಯದೇ ಬೇರೆ ಜಾತಿಯ ಹುಳ, ಸೊರಾಪ್ಟಿಸ್. ಅದೇ ಇಂಜೆಕ್ಷನ್ನಿಗೆ ಅದೂ ಹೋಯ್ತು.

 

ಒಟ್ಟು 1,500 ಆಗಿರಬೇಕು. ಕೆಲಸಕ್ಕೆ ಬಂದಿದ್ದು ಅದರಲ್ಲಿ 300 ಇರಬಹುದು. ಭಾವ ಮೊನ್ನೆ ಫೋನ್ ಮಾಡಿ, ಪಕ್ಕದ ಮನೆಯವರ ಮೊಲಕ್ಕೂ ಮೂಗಿನ ಮೇಲೆ ಏನೋ ಆಗಿದೆ, ಆ ಬಾಟಲಿ ಉಳಿದಿದೆಯಾ ಅಂತ ಕೇಳಿದರು. ಮುಕ್ಕಾಲಿಗಿಂತ ಜಾಸ್ತಿ ಉಳಿದಿದೆ. ಮೊದಲು ಕೆರೆಸಿಕೊಂಡು ಬರಲಿ ಅಂದೆ.